ವಿದ್ಯಾರ್ಥಿನಿ ಬಂದು ಹೇಳಿಕೊಂಡಳು, ವಿಭಾಗದ ಮುಖ್ಯಸ್ಥರಾದ ಎಚ್‌ಓಡಿ ಸುಮ್ನಿರಿ ಅಂದರು. ಈಗ ನಾನು ಮಾಡಬೇಕಾದ್ದೇನು?

ಹೊಸ ಅತಿಥಿ
ಎಲ್ಲರಿಗೂ ನಮಸ್ಕಾರ. ನಾನು ಖಾಸಗಿ ಡಿಗ್ರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಇದು ಎರಡನೇ ವರ್ಷ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಹೋದ ವಾರ ಕೊನೇ ಪೀರಿಯಡ್ ಮುಗಿಸಿ ಹಾಜರಿ ಪುಸ್ತಕ ಎತ್ತಿಕೊಳ್ಳುವಾಗ ಐದನೇ ಸೆಮಿಸ್ಟರಿನ ಹುಡುಗಿಯೊಬ್ಬಳು ಬಾಗಿಲ ಹತ್ತಿರ ನಿಂತಿದ್ದಳು. "ಸರ್, ಎರಡು ನಿಮಿಷ" ಅಂದಳು. ಹತ್ತು ನಿಮಿಷವಾದರೂ ಬಾಯಿ ಬಿಡಲಿಲ್ಲ. ಬೆಂಚಿನ ಮೇಲೆ ಯಾರೋ ಕೈವಾರದಲ್ಲಿ ಕೊರೆದಿದ್ದ ಹೆಸರಿನ ಮೇಲೆ ಬೆರಳಾಡಿಸುತ್ತಾ ಕೂತಿದ್ದಳು. ಆಮೇಲೆ ಹೇಳಿದಳು.

ನಮ್ಮ ವಿಭಾಗದ ಸೀನಿಯರ್ ಸರ್ ಒಬ್ಬರು ಲ್ಯಾಬಿನಲ್ಲಿ ಹುಡುಗಿಯರಿಗೆ ಉಪಕರಣ ಮುಟ್ಟಲು ಬಿಡುವುದಿಲ್ಲ. "ನೀವು ರೀಡಿಂಗ್ ಬರ್ಕೊಳ್ಳಿ ಸಾಕು, ಮದುವೆ ಆಗಿ ಹೋಗೋರಿಗೆ ಇದೆಲ್ಲ ಯಾಕೆ" ಅನ್ನುತ್ತಾರಂತೆ. ಇದು ಇಡೀ ಕ್ಲಾಸಿಗೆ ಗೊತ್ತು. ಇನ್ನೊಂದು ವಿಷಯ ಯಾರಿಗೂ ಗೊತ್ತಿಲ್ಲ. ಇವಳಿಗೆ ಅವರಿಂದ ರಾತ್ರಿ ಹತ್ತೂವರೆ ಮೇಲೆ ಮೆಸೇಜ್ ಬರುತ್ತದೆ. ಡಿಪಿ ಬದಲಾಯಿಸಿದರೆ ಅದಕ್ಕೊಂದು ಮಾತು. ಉತ್ತರ ಕೊಡದಿದ್ದಾಗ "ಇಂಟರ್ನಲ್ಸ್ ನನ್ನ ಕೈಯಲ್ಲೇ ಇದೆ ಅಲ್ವಾ" ಅಂತ ಇನ್ನೊಂದು, ಪಕ್ಕದಲ್ಲಿ ನಗುವ ಇಮೋಜಿ. ಇಂಟರ್ನಲ್ಸ್ ಅಂದರೆ ಕಾಲೇಜಿನಲ್ಲೇ ಹಾಕುವ ಅಂಕ.

ಯಾರಿಗೂ ಹೇಳಬೇಡಿ ಸರ್ ಅಂದಳು. ನಾನೂ "ಇಲ್ಲಮ್ಮ, ಹೇಳಲ್ಲ" ಅಂದುಬಿಟ್ಟೆ. ಆದರೆ ಮನಸ್ಸು ತಡೆಯಲಿಲ್ಲ. ಅವಳ ಹೆಸರು ಹೇಳದೆ ಎಚ್‌ಓಡಿ ಹತ್ತಿರ ಮಾತೆತ್ತಿದೆ. "ಕಾಲೇಜಿಗೆ ಗ್ರೇಡ್ ಕೊಡೋಕೆ ನ್ಯಾಕ್ ತಂಡ ಬರೋದಿದೆ, ಈಗ ಸುಮ್ನಿರಿ. ಬೇಕಾದರೆ ನಾನೇ ಅವರನ್ನ ಕರೆದು ಒಂದು ಮಾತು ಹೇಳ್ತೀನಿ" ಅಂದರು.

ನಾನು ಮಾಡಿದ್ದು ಸರಿಯಾ? ಮುಂದೇನು? ನಾನು ಗಂಡಸು, ಅದರ ಮೇಲೆ ಅತಿಥಿ. ಮುಂದಿನ ವರ್ಷ ನನಗೆ ಕ್ಲಾಸ್ ಕೊಡುವುದು ಬಿಡುವುದು ಇದೇ ಎಚ್‌ಓಡಿ ಕೈಯಲ್ಲಿದೆ.

ಮಾಡರೇಟರ್
ಕಾಲೇಜು, ಊರು, ವಿಷಯ ಯಾವುದನ್ನೂ ಬರೆಯಬೇಡಿ. ಗುರುತು ಸಿಗುವ ಹಾಗಿದ್ದರೆ ತೆಗೆಯುತ್ತೇವೆ.

ಹೊಸ ಅತಿಥಿ
ಸೆಮಿಸ್ಟರ್ ಸೇರಿದಂತೆ ಕೆಲವು ವಿವರ ಬದಲಾಯಿಸಿಯೇ ಹಾಕಿದ್ದೇನೆ.

ಚಾಕ್‌ಪೀಸ್
ನೇರವಾಗಿ ಆ ಸರ್ ಹತ್ತಿರವೇ ಹೋಗಿ ಮಾತಾಡಿ. ಗಂಡಸರು ಗಂಡಸರ ಹಾಗೆ ಕೂತು ಮಾತಾಡಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಸಮಿತಿ ಗಿಮಿತಿ ಅಂತ ಹೋದರೆ ಹುಡುಗಿ ಹೆಸರೇ ಹಾಳು.

ಲ್ಯಾಬ್ ಮೇಡಂ
ದಯವಿಟ್ಟು ಈ ಸಲಹೆ ಕೇಳಬೇಡಿ. ನೀವು ಹೋಗಿ ಮಾತಾಡಿದ ಆ ಸಂಜೆಯೇ ಅವರ ಫೋನಿನಿಂದ ಮೆಸೇಜುಗಳೆಲ್ಲ ಮಾಯ. ಯಾರು ಹೇಳಿರಬಹುದು ಅಂತ ಲೆಕ್ಕ ಹಾಕುವುದಕ್ಕೆ ಅವರಿಗೆ ಎಷ್ಟು ಹೊತ್ತು ಬೇಕು? ಮರುದಿನ ಲ್ಯಾಬಿನಲ್ಲಿ ಆ ಹುಡುಗಿ ಒಬ್ಬಳೇ ಅವರ ಎದುರು ನಿಲ್ಲಬೇಕು. ಎಚ್‌ಓಡಿ "ಒಂದು ಮಾತು ಹೇಳ್ತೀನಿ" ಅಂದಿದ್ದಾರಲ್ಲ, ಅದನ್ನೂ ಇವತ್ತೇ ತಡೆಯಿರಿ.

ಕಪ್ಪುಕೋಟು
ವಕೀಲಿಕೆ ಮಾಡುತ್ತೇನೆ. ಎರಡು ಕಾಲೇಜುಗಳ ಆಂತರಿಕ ಸಮಿತಿಯಲ್ಲಿ (ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಸಮಿತಿ) ಹೊರಗಿನ ಸದಸ್ಯಳಾಗಿದ್ದವಳು. ಇಲ್ಲಿ ಎರಡು ಬೇರೆ ಬೇರೆ ದೂರು ಒಂದರೊಳಗೊಂದು ಸೇರಿಕೊಂಡಿವೆ. ಮೊದಲು ಬಿಡಿಸೋಣ.

ರಾತ್ರಿ ಮೆಸೇಜು, ಇಂಟರ್ನಲ್ಸ್ ಬೆದರಿಕೆ: ಇದು ಲೈಂಗಿಕ ಕಿರುಕುಳದ ದೂರು. 2013ರ ಪೋಶ್ ಕಾಯ್ದೆ (ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾನೂನು) ಜೊತೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ 2015ರ ನಿಯಮಾವಳಿ ಇದೆ (ಹೊರಬಿದ್ದಿದ್ದು 2016ರ ಮೇನಲ್ಲಿ). ಆ ನಿಯಮಾವಳಿ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ. ಅಂಕದ ಆಸೆ ತೋರಿಸುವುದು, ಅಂಕದ ಭಯ ಹುಟ್ಟಿಸುವುದು, ಎರಡೂ ಅದರ ವ್ಯಾಖ್ಯೆಯೊಳಗೇ ಬರುತ್ತವೆ. ಬಾಯಿಬಿಟ್ಟು ಹೇಳಿರಲೇಬೇಕು ಅಂತಿಲ್ಲ, ಸೂಚ್ಯವಾಗಿದ್ದರೂ ಸಾಕು. ಇದು ಹೋಗಬೇಕಾದ್ದು ಆಂತರಿಕ ಸಮಿತಿಗೆ.

ಲ್ಯಾಬಿನಲ್ಲಿ ಹುಡುಗಿಯರನ್ನು ಹಿಂದೆ ನಿಲ್ಲಿಸುವುದು ಲಿಂಗ ತಾರತಮ್ಯ. ಅದಕ್ಕೆ ಯುಜಿಸಿಯ 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಾವಳಿಯಡಿ ಬೇರೆ ಸಮಿತಿ ಇದೆ. ಮಹಿಳೆಯರ ಮೇಲಿನ ತಾರತಮ್ಯವನ್ನು ಅಲ್ಲಿ ಹೆಸರಿಸಿಯೇ ಹೇಳಿದ್ದಾರೆ. ಆ ಸಮಿತಿ 15 ಕೆಲಸದ ದಿನದೊಳಗೆ ವರದಿ ಕೊಡಬೇಕು. ತೃಪ್ತಿ ಆಗದಿದ್ದರೆ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಹತ್ತಿರ ಹೋಗಬಹುದು. ಇದನ್ನು ಇಡೀ ಬ್ಯಾಚಿನ ಹುಡುಗಿಯರು ಸೇರಿ ಕೊಡಬಹುದು.

ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ಏನಾಗುತ್ತೆ ಗೊತ್ತಾ? ಲ್ಯಾಬಿನ ವಿಷಯಕ್ಕೆ ಎಲ್ಲರೂ ಚರ್ಚೆ ಮಾಡುತ್ತಾರೆ, ಮೆಸೇಜಿನ ವಿಷಯ ಹಾಗೇ ಜಾರಿಹೋಗುತ್ತೆ. ನಾನು ಕಣ್ಣಾರೆ ಕಂಡಿದ್ದೇನೆ.

ಕೊನೇಬೆಂಚು
ನಮ್ಮ ಕಾಲೇಜಲ್ಲಿ ಇಂಥ ಸಮಿತಿ ಇದೆ ಅಂತ ಫೈನಲ್ ಇಯರ್‌ಗೆ ಬಂದ ಮೇಲೆ ಗೊತ್ತಾಯಿತು. ಅದೂ ನ್ಯಾಕ್ ಬಂದಾಗ "ಯಾರಾದ್ರೂ ಕೇಳಿದ್ರೆ ಗೊತ್ತಿದೆ ಅನ್ನಿ" ಅಂತ ಹೇಳಿಕೊಟ್ಟಿದ್ದರಿಂದ. 😂

ಆಫೀಸ್ ರೂಮು
ಕಾಲೇಜು ಆಫೀಸಿನಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ನಿಜ ಹೇಳುತ್ತೇನೆ, ಎಷ್ಟೋ ಕಡೆ ಸಭೆ ನಡೆದಿರುವುದಿಲ್ಲ, ನಡಾವಳಿ ಮಾತ್ರ ಇರುತ್ತದೆ. ನಾನೇ ಟೈಪ್ ಮಾಡಿದ್ದೇನೆ. "ಯಾವುದೇ ದೂರು ಬಂದಿರುವುದಿಲ್ಲ" ಅನ್ನೋ ಸಾಲು ಕಾಪಿ ಪೇಸ್ಟ್. ದಿನಾಂಕ ಮಾತ್ರ ಬದಲು.

ಹಳೇ ರಿಜಿಸ್ಟರ್
ಪ್ರಾಂಶುಪಾಲನಾಗಿ ನಿವೃತ್ತನಾದವನು. ಎಚ್‌ಓಡಿಯನ್ನು ಬೈಯುವುದು ಸುಲಭ. ಆದರೆ ಅವರಿಗೂ ಯಾರೂ ಕಲಿಸಿರುವುದಿಲ್ಲ. ನನಗೂ ಕಲಿಸಿರಲಿಲ್ಲ. ನನ್ನ ಕಾಲದಲ್ಲಿ ಒಂದು ದೂರು ಬಂತು. ಹುಡುಗಿ, ಆ ಉಪನ್ಯಾಸಕ, ಇಬ್ಬರನ್ನೂ ನನ್ನ ಕೊಠಡಿಗೆ ಒಟ್ಟಿಗೆ ಕರೆಸಿದೆ. "ಮಗಳ ಸಮಾನ ಅಲ್ವೇನಯ್ಯಾ" ಅಂತ ಅವನಿಗೆ ಬೈದೆ, ಕ್ಷಮೆ ಕೇಳಿಸಿದೆ, ಮುಗಿಯಿತು ಅಂದುಕೊಂಡೆ. ಆ ಹುಡುಗಿ ಅದಾದ ಮೇಲೆ ಕಾಲೇಜಿಗೆ ಬರಲಿಲ್ಲ. ಟಿ.ಸಿ. ತೆಗೆದುಕೊಂಡು ಹೋಗಲು ಅವಳ ಅಪ್ಪ ಬಂದಿದ್ದರು. ಕಾರಣದ ಜಾಗದಲ್ಲಿ "ಕೌಟುಂಬಿಕ" ಅಂತ ನಾನೇ ಸಹಿ ಹಾಕಿದೆ.

ಬಗೆಹರಿಸಿದೆ ಅಂತ ಎಷ್ಟೋ ವರ್ಷ ಹೆಮ್ಮೆಯಿಂದಿದ್ದೆ.

ಕಪ್ಪುಕೋಟು
ಸರ್, ಇದನ್ನು ಹೇಳಿಕೊಂಡಿದ್ದಕ್ಕೆ ಥ್ಯಾಂಕ್ಸ್. ರಾಜಿ ಅನ್ನುವುದು ಕಾಯ್ದೆಯಲ್ಲೂ ಇದೆ. ಆದರೆ ದೂರು ಕೊಟ್ಟವಳೇ ಕೇಳಿದರೆ ಮಾತ್ರ, ಅದೂ ಸಮಿತಿಯ ಮೂಲಕ. ದುಡ್ಡು ಕೊಟ್ಟು ಮುಗಿಸುವ ಹಾಗಿಲ್ಲ. ಪ್ರಾಂಶುಪಾಲರು, ಎಚ್‌ಓಡಿ, ಡೀನ್ ಇವರೆಲ್ಲ ರಾಜಿ ಮಾಡಿಸುವುದಿರಲಿ, ಯುಜಿಸಿ ನಿಯಮದ ಪ್ರಕಾರ ಆ ಸಮಿತಿಯ ಸದಸ್ಯರೂ ಆಗುವಂತಿಲ್ಲ. ಕಾರಣ ಹೇಳಬೇಕಾಗಿಲ್ಲ ಅಲ್ವಾ.

ಅನುಮಾನಿ
ಎಲ್ಲರೂ ಆ ಸರ್ ತಪ್ಪಿತಸ್ಥ ಅಂತ ತೀರ್ಮಾನ ಮಾಡಿಬಿಟ್ಟಿರಿ. ಅಂಕ ಕಡಿಮೆ ಬಂದಿದ್ದಕ್ಕೆ ದೂರು ಕೊಟ್ಟಿದ್ದನ್ನೂ ನೋಡಿದ್ದೇವೆ. ಈಗ ಗಂಡು ಉಪನ್ಯಾಸಕರು ಹುಡುಗಿಯರ ಪ್ರಾಜೆಕ್ಟ್ ತೆಗೆದುಕೊಳ್ಳಲೂ ಹೆದರುತ್ತಾರೆ.

ಲ್ಯಾಬ್ ಮೇಡಂ
@ಅನುಮಾನಿ ಹೆದರಿ ಹುಡುಗಿಯರ ಪ್ರಾಜೆಕ್ಟ್ ಬೇಡ ಅಂದರೆ ಅದೂ ತಾರತಮ್ಯವೇ. ಕಿರುಕುಳ ಕೊಡದವನ ಕೈಯಲ್ಲೂ ಅವಳಿಗೇ ನಷ್ಟ.

ಕಪ್ಪುಕೋಟು
@ಅನುಮಾನಿ ನಿಮ್ಮ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಅದಕ್ಕೇ ಪದ್ಧತಿ ಪ್ರಕಾರ ಹೋಗಿ ಅನ್ನುವುದು. ದೂರಿನ ಪ್ರತಿ ಎದುರು ಪಕ್ಷಕ್ಕೆ 7 ದಿನದೊಳಗೆ ಹೋಗಬೇಕು, ಉತ್ತರ ಕೊಡಲು ಅವರಿಗೆ 10 ದಿನ. ವಿಚಾರಣೆ 90 ದಿನದೊಳಗೆ. ಗೋವಾ ವಿಶ್ವವಿದ್ಯಾಲಯದ ವಿಭಾಗ ಮುಖ್ಯಸ್ಥರೊಬ್ಬರ ಪ್ರಕರಣದಲ್ಲಿ 2023ರ ಮೇ 12ರಂದು ಸುಪ್ರೀಂ ಕೋರ್ಟ್ ಹೇಳಿದ್ದೇ ಇದು. ಸಮಿತಿ ಆತುರ ಮಾಡಿತು, ಆರೋಪ ಎದುರಿಸಿದವರಿಗೆ ಸರಿಯಾದ ಅವಕಾಶ ಸಿಗಲಿಲ್ಲ ಅಂತ ಕ್ರಮವನ್ನು ರದ್ದು ಮಾಡಿ ವಾಪಸ್ ಕಳಿಸಿತು. ಅದೇ ತೀರ್ಪಿನಲ್ಲಿ ದೇಶದಲ್ಲೆಲ್ಲ ಸಮಿತಿಗಳು ಇವೆಯೋ ಇಲ್ಲವೋ ಪರಿಶೀಲಿಸಿ ಅಂತಲೂ ಹೇಳಿತು. ಪದ್ಧತಿ ಮುರಿದರೆ ದೂರು ಕೊಟ್ಟವರಿಗೂ ನ್ಯಾಯ ಸಿಗಲ್ಲ, ಎದುರಿನವರಿಗೂ ಇಲ್ಲ.

ಸುಳ್ಳು ದೂರಿಗೆ ಶಿಕ್ಷೆ ಇದೆ. ಆದರೆ ಸಾಬೀತು ಮಾಡಲು ಆಗಲಿಲ್ಲ ಅನ್ನುವುದೊಂದೇ ಕಾರಣಕ್ಕೆ ಅದನ್ನು ಸುಳ್ಳು ದೂರು ಅನ್ನುವ ಹಾಗಿಲ್ಲ.

ಅನುಮಾನಿ
ಗೋವಾ ಪ್ರಕರಣ ಗೊತ್ತಿರಲಿಲ್ಲ. ಸರಿ.

ದೂರದೇಶಿ
ನಾನು ಅಮೆರಿಕದಲ್ಲಿ ಪಿಎಚ್‌ಡಿ ಮಾಡುವಾಗ ಟಿಎ (ಪಾಠಕ್ಕೆ ನೆರವಾಗುವ ಸಹಾಯಕ ಹುದ್ದೆ) ಆಗಿದ್ದೆ. ಅಲ್ಲಿ ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ 1972ರ ಟೈಟಲ್ ನೈನ್ ಅನ್ನೋ ಕಾನೂನಿದೆ. ನಮ್ಮ ಯೂನಿವರ್ಸಿಟಿಯಲ್ಲಿ ಮೊದಲ ದಿನದ ತರಬೇತಿಯಲ್ಲೇ ಹೇಳಿದರು: ವಿದ್ಯಾರ್ಥಿ ಇಂಥದ್ದು ಹೇಳಿದರೆ ನೀವು ಟೈಟಲ್ ನೈನ್ ಕೋಆರ್ಡಿನೇಟರ್‌ಗೆ ತಿಳಿಸಲೇಬೇಕು. ಹಾಗಾಗಿ ಯಾರಾದರೂ ಅಳುಮುಖ ಮಾಡಿಕೊಂಡು ಬಂದರೆ ಅವರು ಶುರು ಮಾಡುವ ಮೊದಲೇ "ನೋಡು, ಕೆಲವು ವಿಷಯ ನಾನು ಗುಟ್ಟಾಗಿ ಇಡೋಕಾಗಲ್ಲ" ಅಂತ ಹೇಳುವುದು ಅಭ್ಯಾಸ ಆಗಿಹೋಯಿತು. ಕೆಲವರು ಅದನ್ನು ಕೇಳಿ ವಾಪಸ್ ಹೋಗುತ್ತಿದ್ದರು. ಅಂಥವರನ್ನು ಕೌನ್ಸೆಲರ್ ಹತ್ತಿರ ಕಳಿಸುತ್ತಿದ್ದೆವು. ಅವರು ಗುಟ್ಟು ಕಾಯಬಹುದು.

ಇಲ್ಲೂ ಹಾಗೇ ಅಲ್ವಾ? ಹುಡುಗಿ ಬೇಡ ಅಂದರೂ ಇವರು ದೂರು ಕೊಟ್ಟುಬಿಡಬೇಕು.

ಕಪ್ಪುಕೋಟು
ಇಲ್ಲ, ಇಲ್ಲಿ ಹಾಗಲ್ಲ. 18 ದಾಟಿದವಳಾದರೆ ದೂರು ಅವಳದ್ದು. ಅವಳ ದೈಹಿಕ, ಮಾನಸಿಕ ಸ್ಥಿತಿಯಿಂದಾಗಿ ಅವಳಿಗೇ ಕೊಡಲು ಆಗದಿದ್ದರೆ ಮಾತ್ರ ಗೆಳೆಯರು, ಸಂಬಂಧಿಕರು, ಸಹಪಾಠಿಗಳು ಅವಳ ಪರವಾಗಿ ಕೊಡಬಹುದು. ಅವಳನ್ನು ಕೇಳದೆ ನೀವೇ ಹೆಸರು ಹಾಕಿ ಬರೆದುಕೊಟ್ಟರೆ ಅವಳು "ಅಂಥದ್ದೇನೂ ಇಲ್ಲ" ಅಂದುಬಿಡಬಹುದು. ಅಲ್ಲಿಗೆ ಮುಗಿಯಿತು.

ಪಿಯು ಮೇಷ್ಟ್ರು
ಇಲ್ಲೊಂದು ಮಾತು ಸೇರಿಸಲೇಬೇಕು. ನನ್ನ ಹಾಗೆ ಪಿಯುಸಿಗೆ ಪಾಠ ಮಾಡುವವರು ಮೇಲಿನದ್ದನ್ನು ಓದಿ "ಓ, ಹುಡುಗಿ ಒಪ್ಪಬೇಕಂತೆ" ಅಂದುಕೊಂಡು ಕೂರಬೇಡಿ. ನಮ್ಮ ಮಕ್ಕಳಿಗೆ 16, 17 ವಯಸ್ಸು. ಅಲ್ಲಿ ನಡೆಯುವುದು ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಯುವ 2012ರ ಪೋಕ್ಸೊ ಕಾಯ್ದೆ. ಅದರ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲ ದಂಡ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಕೆಟ್ಟ ಮೆಸೇಜು ಕಳಿಸುವುದೂ ಅದರೊಳಗೇ ಬರುತ್ತೆ. "ನಾನು ಪ್ರಿನ್ಸಿಪಾಲರಿಗೆ ಹೇಳಿದ್ದೆ" ಅಂದರೆ ಸಾಲದು. 1098 ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ. ಒಳ್ಳೇ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸ್ ಹಾಕಲು ಬರುವುದಿಲ್ಲ.

ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಅರ್ಧ ಜನಕ್ಕೆ ಗೊತ್ತೇ ಇರಲಿಲ್ಲ. ಇನ್ನರ್ಧ ಜನ ಗೊತ್ತಿಲ್ಲದವರ ಹಾಗೆ ಕೂತಿದ್ದರು.

ಕಪ್ಪುಕೋಟು
ಸರಿಯಾಗಿ ಹೇಳಿದಿರಿ. ಡಿಗ್ರಿ ಮೊದಲ ವರ್ಷದಲ್ಲೂ 17 ವಯಸ್ಸಿನವರು ಇರುತ್ತಾರೆ. ಜನ್ಮದಿನಾಂಕ ನೋಡಿಯೇ ಮುಂದುವರಿಯಿರಿ.

ಹೊಸ ಅತಿಥಿ
ಅವಳಿಗೆ 20. ಹಾಗಾದರೆ "ಯಾರಿಗೂ ಹೇಳಲ್ಲ" ಅಂತ ಮಾತು ಕೊಟ್ಟಿದ್ದು ತಪ್ಪಾ?

ಲ್ಯಾಬ್ ಮೇಡಂ
ಎಲ್ಲರೂ ಮಾಡುವ ತಪ್ಪು, ಬೇಜಾರು ಮಾಡಿಕೊಳ್ಳಬೇಡಿ. ನಾನು ಹೇಗೆ ಹೇಳುತ್ತೇನೆ ಅಂದರೆ, "ನಿನ್ನನ್ನು ಕೇಳದೆ ಏನೂ ಮಾಡಲ್ಲ. ಆದರೆ ಯಾರಿಗೂ ಹೇಳಲ್ಲ ಅಂತ ಮಾತು ಕೊಡೋಕಾಗಲ್ಲ, ಯಾಕೆಂದರೆ ಇದನ್ನು ಸರಿಮಾಡೋ ಅಧಿಕಾರ ನನಗಿಲ್ಲ. ಇರುವವರ ಹತ್ತಿರ ನಿನ್ನ ಜೊತೆ ಬರ್ತೀನಿ." ಇಷ್ಟೇ.

ನೀವು ಎಚ್‌ಓಡಿ ಹತ್ತಿರ ಹೋಗಿದ್ದನ್ನು ಅವಳಿಗೆ ಹೇಳಿದ್ದೀರಾ? ಇಲ್ಲದಿದ್ದರೆ ನಾಳೆಯೇ ಹೇಳಿ. ಬೇರೆಯವರ ಬಾಯಿಂದ ಗೊತ್ತಾದರೆ ಇನ್ನು ಯಾರನ್ನೂ ನಂಬಲ್ಲ.

ಇನ್ನೊಂದು. "ನೀನು ಬ್ಲಾಕ್ ಯಾಕೆ ಮಾಡಲಿಲ್ಲ", "ಇಷ್ಟು ದಿನ ಯಾಕೆ ಸುಮ್ಮನಿದ್ದೆ" ಅಂತ ಕೇಳಬೇಡಿ. ವಿಚಾರಣೆ ನಿಮ್ಮ ಕೆಲಸ ಅಲ್ಲ. ಅವಳು ಹೇಳಿದ್ದನ್ನು ಅವಳದೇ ಮಾತಿನಲ್ಲಿ ಅವತ್ತೇ ಬರೆದಿಡಿ, ದಿನಾಂಕ, ಹೊತ್ತು ಹಾಕಿ. "ಅನುಚಿತವಾಗಿ ವರ್ತಿಸಿದರು" ಅಂತ ಬರೆದರೆ ಅದಕ್ಕೆ ನೂರು ಅರ್ಥ. "ಇಂಟರ್ನಲ್ಸ್ ನನ್ನ ಕೈಯಲ್ಲೇ ಇದೆ ಅಲ್ವಾ" ಅಂತ ಬರೆದರೆ ಒಂದೇ ಅರ್ಥ.

ಹಳೇ ರಿಜಿಸ್ಟರ್
ಸ್ಕ್ರೀನ್‌ಶಾಟ್ ವಿಷಯದಲ್ಲಿ ಎಚ್ಚರ.

ಆಫೀಸ್ ರೂಮು
ಅಯ್ಯೋ ಅದನ್ನು ಕೇಳಲೇಬೇಡಿ. ನಮ್ಮಲ್ಲಿ ಒಬ್ಬ ಮೇಡಂ "ಮಾರ್ಗದರ್ಶನ ಕೊಡಿ" ಅಂತ ವಿದ್ಯಾರ್ಥಿನಿಯ ಚಾಟ್‌ನ ಸ್ಟಾಫ್ ವಾಟ್ಸಾಪ್ ಗ್ರೂಪಿಗೇ ಹಾಕಿಬಿಟ್ಟರು. ಐದು ನಿಮಿಷಕ್ಕೆ ಡಿಲೀಟ್ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಅದನ್ನೇ ಓದುತ್ತಿದ್ದರು.

ಕಪ್ಪುಕೋಟು
ಹೆಸರು, ವಿಳಾಸ, ದೂರಿನ ವಿಷಯ ಏನನ್ನೂ ಹೊರಗೆ ಹಾಕುವ ಹಾಗಿಲ್ಲ. ಆರ್‌ಟಿಐ ಹಾಕಿದರೂ ಕೊಡುವುದಿಲ್ಲ. ದೂರನ್ನು ನಿರ್ವಹಿಸುವವರೇ ಗುಟ್ಟು ಬಿಟ್ಟುಕೊಟ್ಟರೆ ಪೋಶ್ ನಿಯಮದಲ್ಲಿ 5000 ರೂಪಾಯಿ ದಂಡ. ಸಮಿತಿಯನ್ನೇ ರಚಿಸದ ಸಂಸ್ಥೆಗೆ 50,000 ರೂಪಾಯಿವರೆಗೆ. ಮೂಲ ಮೆಸೇಜು ಅವಳ ಫೋನಿನಲ್ಲೇ ಇರಲಿ, ಅಳಿಸಬೇಡ ಅನ್ನಿ. ನಿಮ್ಮ ಫೋನಿಗೆ ತರಿಸಿಕೊಳ್ಳಬೇಡಿ.

ಚಾಕ್‌ಪೀಸ್
ಸರಿ ಸರಿ, ನನ್ನ ಮೊದಲ ಸಲಹೆ ವಾಪಸ್. 🙏 ಆದರೆ ನಿಜವಾದ ಭಯ ಅಂಕದ್ದು ತಾನೇ? ದೂರು ಕೊಟ್ಟ ಮೇಲೂ ಅದೇ ಸರ್ ಇಂಟರ್ನಲ್ಸ್ ಹಾಕಿದರೆ?

ಲ್ಯಾಬ್ ಮೇಡಂ
ಅದಕ್ಕೆ ದಾರಿ ಇದೆ. ವಿಚಾರಣೆ ನಡೆಯುವಾಗ ಆ ವ್ಯಕ್ತಿ ಅವಳ ಪರೀಕ್ಷೆ, ಕೆಲಸ ಯಾವುದನ್ನೂ ಮೌಲ್ಯಮಾಪನ ಮಾಡದ ಹಾಗೆ ತಡೆಯಬೇಕು ಅಂತ ಯುಜಿಸಿ ನಿಯಮದಲ್ಲೇ ಸಮಿತಿ ಶಿಫಾರಸು ಮಾಡಬಹುದು. ಆದರೆ ಅವಳೊಬ್ಬಳ ರೆಕಾರ್ಡ್ ಮಾತ್ರ ಬೇರೆಯವರಿಗೆ ಕೊಟ್ಟರೆ ಕ್ಲಾಸಿಗೆಲ್ಲ ಡಂಗುರ ಸಾರಿದ ಹಾಗೆ. ಇಡೀ ಬ್ಯಾಚನ್ನೇ ಬದಲಾಯಿಸಿ. "ಕೆಲಸ ಹಂಚಿಕೆ" ಅಂತ ಒಂದು ಸಾಲಿನ ಆದೇಶ ಸಾಕು. ನಾವು ಹಾಗೇ ಮಾಡಿದ್ದೆವು.

ಹುಡುಗಿ ಹಾಸ್ಟೆಲ್
ತಾರತಮ್ಯದ ಮಾತು ಬಂತಲ್ಲ, ನನ್ನದೂ ಒಂದು ಇದೆ. ನಮ್ಮ ಹಾಸ್ಟೆಲ್ ಗೇಟ್ ಸಂಜೆ ಆರೂವರೆಗೆ ಬಂದ್. ಹುಡುಗರದ್ದು ಹತ್ತಕ್ಕೆ. ಲೈಬ್ರರಿ ಎಂಟರವರೆಗೆ ತೆರೆದಿರುತ್ತೆ. ಕೇಳಿದರೆ "ನಿಮ್ಮ ಸುರಕ್ಷತೆಗೇ" ಅಂತಾರೆ ವಾರ್ಡನ್.

ಕಪ್ಪುಕೋಟು
ಸುರಕ್ಷತೆಯ ನೆಪದಲ್ಲಿ ಹುಡುಗಿಯರ ಹಾಸ್ಟೆಲಿಗೆ ಹುಡುಗರದ್ದಕ್ಕಿಂತ ಬೇರೆ, ತಾರತಮ್ಯದ ನಿಯಮ ಹಾಕಬಾರದು ಅಂತ ಅದೇ 2015ರ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. ಪ್ರಿಂಟ್ ತೆಗೆದು ಅರ್ಜಿ ಜೊತೆ ಪಿನ್ ಮಾಡಿ ಕೊಡಿ.

ಹುಡುಗಿ ಹಾಸ್ಟೆಲ್
ಸೀರಿಯಸ್ಲಿ??? ಹೀಗೆ ಬರೆದಿದ್ದಾರಾ???

ಪಿಯು ಮೇಷ್ಟ್ರು
ಕೊಡುವುದಾದರೆ ಒಬ್ಬಳೇ ಕೊಡಬೇಡಮ್ಮ. ಒಂದು ಮೂವತ್ತು ಸಹಿ ಇರಲಿ.

ಲೇಟ್ ಅಟೆಂಡೆನ್ಸ್
ಸೆಕೆಂಡ್ ಇಯರ್‌ನಲ್ಲಿ ಮದುವೆಯಾಯಿತು, ಫೈನಲ್ ಇಯರ್‌ನಲ್ಲಿ ಹೆರಿಗೆ. ಹಾಜರಿ ಕಡಿಮೆ ಅಂತ ಪರೀಕ್ಷೆಗೆ ಕೂರಿಸಲಿಲ್ಲ. "ಮನೇಲಿ ಆರಾಮಾಗಿರಮ್ಮ, ಓದು ಎಲ್ಲಿ ಹೋಗುತ್ತೆ" ಅಂದರು ಕ್ಲಾಸ್ ಟೀಚರ್. ಅವರೂ ಹೆಂಗಸೇ. ಯುಜಿಸಿ 2021ರ ಡಿಸೆಂಬರಿನಲ್ಲೇ ಡಿಗ್ರಿ, ಪಿಜಿ ಓದುವವರ ಹೆರಿಗೆ ರಜೆ, ಹಾಜರಿ ವಿನಾಯಿತಿಗೆ ನಿಯಮ ಮಾಡಿಕೊಳ್ಳಿ ಅಂತ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದಿತ್ತಂತೆ. ನನಗೆ ಗೊತ್ತಾಗುವಾಗ ಮಗುವಿಗೆ ಎರಡು ವರ್ಷ.

ಕೊನೇಬೆಂಚು
ಹುಡುಗರಿಗೆ ಆದರೆ? ನಮ್ಮ ಕ್ಲಾಸಲ್ಲಿ ಒಬ್ಬ ಸ್ವಲ್ಪ ಮೆದು ನಡಿಗೆಯವನು. ಪಿ.ಟಿ. ಮೇಷ್ಟ್ರು ಅವನನ್ನು ಕರೆಯುವ ಹೆಸರು ಇಲ್ಲಿ ಬರೆಯಲಾರೆ. ಎಲ್ಲರೂ ನಗುತ್ತಿದ್ದೆವು. ನಾನೂ.

ಕಪ್ಪುಕೋಟು
ಪೋಶ್ ಕಾಯ್ದೆ ಮಹಿಳೆಯರಿಗೆ ಮಾತ್ರ. ಯುಜಿಸಿ ನಿಯಮಾವಳಿ ಹಾಗಲ್ಲ. ಯಾವ ಲಿಂಗದವರ ಮೇಲೆ ನಡೆದರೂ ಕ್ರಮ ತೆಗೆದುಕೊಳ್ಳಬೇಕು ಅನ್ನುತ್ತದೆ. ಕೆಲವು ಗಂಡು ವಿದ್ಯಾರ್ಥಿಗಳು, ತೃತೀಯ ಲಿಂಗಿಗಳ ಹೆಸರನ್ನೂ ಎತ್ತಿದೆ. ಅವನು ಇನ್ನೂ ಕಾಲೇಜಿನಲ್ಲಿದ್ದರೆ ಹೇಳು.

ಲ್ಯಾಬ್ ಮೇಡಂ
ವಿಷಯಾಂತರ, ಕ್ಷಮಿಸಿ. ಇಂಥ ಪ್ರತಿ ಕೇಸೂ "ಮೇಡಂ ಇದ್ದಾರಲ್ಲ, ಅವರ ಹತ್ತಿರ ಹೋಗು" ಅಂತ ನಮ್ಮ ಟೇಬಲಿಗೇ ಬರುತ್ತೆ. ರಂಗೋಲಿ ಸ್ಪರ್ಧೆ ನಮಗೆ, ಅತಿಥಿಗಳಿಗೆ ಹೂಗುಚ್ಛ ಕೊಡುವುದು ನಮಗೆ, ಅಳುವ ಮಕ್ಕಳೂ ನಮಗೆ. ಒಬ್ಬ ಗಂಡು ಮೇಷ್ಟ್ರು ಕೂತು ಕೇಳಿಸಿಕೊಂಡು ಇಲ್ಲಿಗೆ ಬಂದು ಕೇಳಿದ್ದಾರಲ್ಲ, ನನಗೆ ಅದೇ ಸಮಾಧಾನ.

ಹೊಸ ಅತಿಥಿ
ಥ್ಯಾಂಕ್ಸ್ ಮೇಡಂ. ಆದರೆ ನನ್ನ ಕೆಲಸ?

ಕಪ್ಪುಕೋಟು
ಅದೇ ನಿಯಮಾವಳಿಯಲ್ಲಿ "ಸಂರಕ್ಷಿತ ಚಟುವಟಿಕೆ" ಅಂತ ಇದೆ. ಇನ್ನೊಬ್ಬರ ಪರ ದನಿ ಎತ್ತುವುದು, ಸಾಕ್ಷಿ ಹೇಳುವುದು, ವಿಚಾರಣೆಗೆ ಸಹಕರಿಸುವುದು ಎಲ್ಲ ಅದರಲ್ಲಿ ಬರುತ್ತದೆ. ಆ ಕಾರಣಕ್ಕೆ ತೊಂದರೆ ಕೊಟ್ಟರೆ ಅದೇ ಒಂದು ದೂರು. ಕಾಗದದ ಮೇಲೆ ಇರುವುದೆಲ್ಲ ನಡೆಯುತ್ತೆ ಅಂತ ಹೇಳಲಾರೆ. ಅದಕ್ಕೇ ಎಚ್‌ಓಡಿ ಜೊತೆ ಆಡಿದ ಮಾತನ್ನು ಒಂದು ಸಣ್ಣ ಇಮೇಲ್ ಮಾಡಿ ಅವರಿಗೇ ಕಳಿಸಿ. "ನಿನ್ನೆ ತಮ್ಮ ಗಮನಕ್ಕೆ ತಂದಂತೆ, ವಿದ್ಯಾರ್ಥಿನಿಯೊಬ್ಬರು ಹೇಳಿಕೊಂಡ ವಿಷಯ ಆಂತರಿಕ ಸಮಿತಿಗೆ ಸಂಬಂಧಿಸಿದ್ದು, ದಯವಿಟ್ಟು ಯಾರೊಂದಿಗೂ ಚರ್ಚಿಸಬಾರದಾಗಿ ವಿನಂತಿ." ಹೆಸರು ಬೇಡ. ಮುಂದೆ ನಿಮಗೆ ಕ್ಲಾಸ್ ಸಿಗದಿದ್ದರೆ ಈ ಇಮೇಲೇ ನಿಮ್ಮ ಸಾಕ್ಷಿ.

ಘಟನೆಯಾದ 3 ತಿಂಗಳೊಳಗೆ ದೂರು ಕೊಡಬೇಕು. ಸರಣಿ ಇದ್ದರೆ ಕೊನೆಯದರಿಂದ ಲೆಕ್ಕ. ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಅವಳಿಗೆ ಬರೆಯಲು ಕಷ್ಟವಾದರೆ ಸಮಿತಿಯವರೇ ನೆರವಾಗಬೇಕು. ಪೊಲೀಸ್ ದಾರಿಯೂ ತೆರೆದೇ ಇದೆ ಅಂತ ಹೇಳಿ, ಒತ್ತಾಯ ಮಾಡಬೇಡಿ.

ಆಫೀಸ್ ರೂಮು
ಪೋಶ್ ನಿಯಮದಲ್ಲಿ ದೂರಿನ ಆರು ಪ್ರತಿ ಕೇಳುತ್ತಾರೆ. ಕಾಲೇಜಿನ ಒಳಗೆ ಜೆರಾಕ್ಸ್ ಮಾಡಿಸಬೇಡಿ. ನಮ್ಮ ಹುಡುಗ ಮಿಷನ್ ಮೇಲೆ ಇಟ್ಟಿದ್ದನ್ನೆಲ್ಲ ಓದುತ್ತಾನೆ. ಮುಚ್ಚಿದ ಕವರ್ ಕೊಡಿ, ಹೊರಗೆ "ಅಧ್ಯಕ್ಷರು, ಆಂತರಿಕ ಸಮಿತಿ" ಅಂತ ಮಾತ್ರ ಬರೆಯಿರಿ. ಇನ್‌ವರ್ಡ್ ನಂಬರ್ (ಕಾಗದ ಸ್ವೀಕರಿಸಿದ್ದಕ್ಕೆ ಗುರುತು) ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ.

ಹೊಸ ಅತಿಥಿ
(ಮೂರು ವಾರದ ನಂತರ) ಏನಾಯಿತು ಅಂತ ತುಂಬಾ ಜನ ಕೇಳಿದ್ದೀರಿ. ಒಳಗಿನ ವಿಷಯ ಹೇಳುವ ಹಾಗಿಲ್ಲ, ಇಷ್ಟು ಮಾತ್ರ.

ಮರುದಿನವೇ ಅವಳಿಗೆ ಎಚ್‌ಓಡಿ ವಿಷಯ ಹೇಳಿದೆ. ಎರಡು ದಿನ ನನ್ನ ಮುಖ ನೋಡಲಿಲ್ಲ. ಮೂರನೇ ದಿನ ಗೆಳತಿಯನ್ನು ಕರೆದುಕೊಂಡು ಬಂದಳು. ಸಮಿತಿಯ ಅಧ್ಯಕ್ಷರು ಯಾರು ಅಂತ ನೋಡಲು ನೋಟಿಸ್ ಬೋರ್ಡ್ ಹತ್ತಿರ ಹೋದೆವು. ಗಾಜಿನ ಒಳಗೆ ಇದ್ದ ಹೆಸರು ಎರಡು ವರ್ಷದ ಹಿಂದೆ ನಿವೃತ್ತರಾದ ಮೇಡಂದು. ಹೊರಗಿನ ಸದಸ್ಯರ ಫೋನ್ ನಂಬರಿನಲ್ಲಿ ಒಂಬತ್ತೇ ಅಂಕೆ. ಅಲ್ಲೇ ಗೆಳತಿಯರಿಬ್ಬರೂ ನಕ್ಕರು. ಅವಳು ನಕ್ಕಿದ್ದು ಅದೇ ಮೊದಲು ನೋಡಿದ್ದು. ಪ್ರಾಂಶುಪಾಲರಿಗೆ ಲಿಖಿತವಾಗಿ ಕೇಳಿದ ಮೇಲೆ ನಾಲ್ಕು ದಿನದಲ್ಲಿ ಹೊಸ ಸಮಿತಿ ಆಯಿತು. ಬರೆದದ್ದು, ಕವರ್ ಕೊಟ್ಟದ್ದು ಅವಳೇ. ನಾನು ಕೌಂಟರಿನ ಪಕ್ಕ ನಿಂತಿದ್ದೆ ಅಷ್ಟೇ. ಲ್ಯಾಬಿನ ವಿಷಯಕ್ಕೆ ಹನ್ನೊಂದು ಹುಡುಗಿಯರು, ಮೂವರು ಹುಡುಗರು ಬೇರೆ ಅರ್ಜಿ ಕೊಟ್ಟಿದ್ದಾರೆ.

ನಿನ್ನೆ ಒಂದು ಸಾಲಿನ ಆದೇಶ ಬಂತು, ಕೆಲಸ ಹಂಚಿಕೆ ಅಂತ. ಇಡೀ ಬ್ಯಾಚಿನ ರೆಕಾರ್ಡ್ ಪುಸ್ತಕಗಳು ಇನ್ನೊಬ್ಬ ಮೇಡಂ ಟೇಬಲ್ ಮೇಲಿವೆ. ಎಚ್‌ಓಡಿ ನನ್ನ ಜೊತೆ ಮಾತಾಡುತ್ತಿಲ್ಲ. ಗಾಜಿನೊಳಗಿನ ಹೆಸರು ಮಾತ್ರ ಇನ್ನೂ ಹಳೆಯದೇ.

ಆಫೀಸ್ ರೂಮು
ಆ ಗಾಜಿನ ಕೀಲಿ ಅಟೆಂಡರ್ ಹತ್ತಿರ ಇರುತ್ತೆ ಸರ್. ಬೆಳಗ್ಗೆ ಬೆಲ್ ಹೊಡೆಯುವ ಮೊದಲೇ ಕೇಳಿ, ಆಮೇಲೆ ಕೈಗೆ ಸಿಗಲ್ಲ.